ಪೋಸ್ಟರು ಹೇಳುವ ಬಯಕೆ

ಭೀಮರಾಯನಗುಡಿಯವರಿಗೆ ಸುರಪುರದ ಚಿತ್ರಕಲೆ ನೆರೆಮನೆಯ ಸಂಗತಿ. ಬಂಗಾರದ ಮೆರುಗಿನ ಆ ಚಿತ್ರಗಳಲ್ಲಿ ಹೆಚ್ಚಾಗಿ ದೇವರು, ದೊರೆಗಳು. ಜನಸಾಮಾನ್ಯರ ಷೋಕಿ, ಬಿಡುವಿನ ಸಂತೋಷ ಬೀದಿಗೋಡೆ ಏರಿದ್ದು ಅಚ್ಚಾದ ಪೋಸ್ಟರುಗಳಿಂದ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರು ಬರೆದು ಹೆಸರಾದರು. ಕೆನ್ನೆಯ ಮೇಲೆ ಜಾರುವ ಬೆಳಕು, ಹೆರಳಿನ ಅಲೆ, ಸೀರೆಯ ನೆರಿಗೆ, ಇವೆಲ್ಲ ನೋಡುಗರ ಕಣ್ಣಿಗೆ ಹೊಸ ಉಡುಗೆಯ ಪಾಠವೇ ಆಗಿದ್ದವು.

ಈ ಪೋಸ್ಟರುಗಳು ಬರೀ ವ್ಯಾಪಾರ, ಬಣ್ಣ ಹಚ್ಚಿದ ಸುಳ್ಳು ಎನ್ನುವವರಿದ್ದಾರೆ. ಮಾರುವುದಕ್ಕೆಂದೇ ಬರೆದದ್ದು, ನಿಜ. ಆದರೆ ಕೊಳ್ಳುವವರ ಆಸೆ ಅರಿಯದೆ ಯಾವ ಪೋಸ್ಟರು ತಾನೇ ಜನರನ್ನು ನಿಲ್ಲಿಸೀತು? ಜನ ಏನು ಉಟ್ಟರೆಂಬುದಕ್ಕೆ ಫೋಟೊಗಳಿವೆ. ಏನು ಉಡಲು ಬಯಸಿದರೆಂಬುದಕ್ಕೆ ಈ ಹಾಳೆಗಳೇ ಗಟ್ಟಿ ಸಾಕ್ಷಿ. ಪಂಡಿತರ ಪುರಾಣಚಿತ್ರಗಳ ಕ್ಯಾಲೆಂಡರಿಗೆ ಕಟ್ಟು ಹಾಕಿಸಿ ಪೂಜಿಸಿದ ನಾವು, ಪೋಸ್ಟರುಗಳನ್ನು ಮಾತ್ರ ಮಳೆಗೆ ಬಿಟ್ಟುಬಿಟ್ಟೆವು.