ಅಸಲು ಪತ್ರ ಎಲ್ಲಿದೆ?

ಮನೆ ಕೊಳ್ಳುವಾಗ ನೀವು ಮೂಲಪತ್ರ ತೋರಿಸಿ ಎನ್ನುತ್ತೀರಿ. ನಕಲು ತಂದವನನ್ನು ಅಸಲು ಎಲ್ಲಿದೆ ಎಂದು ಕೇಳುತ್ತೀರಿ. ಇದೇ ಪ್ರಶ್ನೆಯನ್ನು ಚರಿತ್ರೆಗೆ ಕೇಳುತ್ತಾ ಬಾಳಿದ ಒಬ್ಬ ಜರ್ಮನ್ ವಿದ್ವಾಂಸರನ್ನು ಇಂದು ನಿಮಗೆ ಪರಿಚಯಿಸಬೇಕೆಂದಿದ್ದೇನೆ.

ಅವರ ಹೆಸರು ಯೋಸೆಫ್ ಹಾನ್ಸೆನ್. 1862ರಲ್ಲಿ ಆಖೆನ್ ಪಟ್ಟಣದಲ್ಲಿ ಜನನ. 1891ರಿಂದ 1927ರವರೆಗೆ, ಮೂವತ್ತಾರು ವರ್ಷ, ರೈನ್ ನದೀತೀರದ ಕಲೋನ್ ನಗರದ ಪತ್ರಾಗಾರಕ್ಕೆ ಅವರೇ ಮುಖ್ಯಸ್ಥರು. ನಗರದ ಹಳೆಯ ಪತ್ರಾಗಾರವೆಂದರೆ ಧೂಳು ಹಿಡಿದ ಕಡತಗಳ ಕೋಣೆ ಎಂದುಕೊಳ್ಳಬೇಡಿ. ಕಲೋನಿನ ಪತ್ರಾಗಾರದ ಅತ್ಯಂತ ಹಳೆಯ ಪತ್ರ 922ನೇ ಇಸವಿಯದು. ನಗರಸಭೆಯ ನಡಾವಳಿ, ಮನೆ-ಜಮೀನಿನ ದಾಖಲೆ, ವರ್ತಕರ ಓಲೆ, ಹೀಗೆ ಒಂದು ಊರಿನ ಸಾವಿರ ವರ್ಷದ ನೆನಪೇ ಅಲ್ಲಿತ್ತು. ಹಾನ್ಸೆನ್ನರ ಕಾಲದಲ್ಲೇ, 1897ರಲ್ಲಿ, ಅದಕ್ಕೆಂದೇ ಹೊಸ ಕಟ್ಟಡವಾಯಿತು.

ಇಂಥ ಅಧಿಕಾರಿ ಮಾಟಗಾತಿಯರ ಗೊಡವೆಗೆ ಹೋದದ್ದೇಕೆ? ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಯುರೋಪಿನಲ್ಲಿ ಮಾಟದ ಆರೋಪ ಹೊತ್ತು ಪ್ರಾಣ ಕಳೆದುಕೊಂಡವರು ಸುಮಾರು ನಲವತ್ತು-ಐವತ್ತು ಸಾವಿರ ಮಂದಿ ಎಂಬುದು ಇಂದಿನ ವಿದ್ವಾಂಸರ ಅಂದಾಜು. ಹೆಚ್ಚಿನವರು ಹೆಂಗಸರು. ಈ ಬೇಟೆಗೆ ಶಾಸ್ತ್ರದ ಬಲ ಕೊಟ್ಟ ಗ್ರಂಥ 'ಮಾಟಗಾತಿಯರ ಸುತ್ತಿಗೆ'. ಹೈನ್ರಿಖ್ ಕ್ರಾಮರ್ ಎಂಬ ಸನ್ಯಾಸಿ ಬರೆದದ್ದು. 1486ರ ಸುಮಾರಿಗೆ ಅಚ್ಚಾಯಿತು. ಅದರೊಂದಿಗೆ 1487ರ ಒಂದು ಒಪ್ಪಿಗೆ ಪತ್ರವೂ ಸೇರಿತು: ಕಲೋನ್ ವಿಶ್ವವಿದ್ಯಾಲಯದ ದೈವಶಾಸ್ತ್ರ ಪಂಡಿತರು ಮೆಚ್ಚಿದ್ದಾರೆ ಎಂದು. ಪಂಡಿತರೇ ಒಪ್ಪಿದರೆ ಓದುವವನಿಗೆ ಇನ್ನೇನು ಅನುಮಾನ?

ಹಾನ್ಸೆನ್ನರಿಗೆ ಅನುಮಾನ ಬಂತು. ಆ ಪತ್ರದಲ್ಲಿ ಎರಡು ಭಾಗ. ಒಂದರಲ್ಲಿ ನಾಲ್ವರು ಪ್ರಾಧ್ಯಾಪಕರು ಅಳೆದು ತೂಗಿ ಮಾತಾಡಿದ್ದಾರೆ. ಇನ್ನೊಂದರಲ್ಲಿ ಹೆಸರುಗಳೂ ಹೆಚ್ಚು, ಹೊಗಳಿಕೆಯೂ ಹೆಚ್ಚು. ಈ ಎರಡನೆಯದು ಕೃತ್ರಿಮ ಎಂದು 1898ರಲ್ಲಿ ಅವರು ವಾದಿಸಿದರು. ನಂತರದವರೆಲ್ಲರೂ ಈ ವಾದವನ್ನು ಒಪ್ಪಿಲ್ಲ, ಚರ್ಚೆ ಮುಂದುವರಿದಿದೆ. ಆದರೆ ಪಂಡಿತರ ಮುದ್ರೆ ಕಂಡು ತಲೆಬಾಗುವ ಮೊದಲು ಮುದ್ರೆಯನ್ನೇ ಪರೀಕ್ಷಿಸಬೇಕೆಂಬುದು ಅವರ ಹಟ.

1900ರಲ್ಲಿ ಅವರ ದೊಡ್ಡ ಗ್ರಂಥ ಬಂತು, ಮರುವರ್ಷ ಆಧಾರಪತ್ರಗಳ ಸಂಪುಟ. ಅವರು ಹೇಳಿದ್ದು ಸರಳ. ಮಾಟದ ನಂಬಿಕೆ ಹಳ್ಳಿಗಳಲ್ಲಿ ಹಿಂದಿನಿಂದಲೂ ಇತ್ತು. ಆದರೆ ಸೈತಾನನೊಡನೆ ಒಪ್ಪಂದ, ಇರುಳಲ್ಲಿ ಹಾರಾಟ, ಗುಟ್ಟಿನ ಕೂಟ, ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ ಭಯಂಕರ ಅಪರಾಧ ಮಾಡಿದವರು ಓದಿದವರು, ವಿಚಾರಣಾಧಿಕಾರಿಗಳು. ತಪ್ಪನ್ನು ಬಡ ಮುದುಕಿಯ ಮೂಢನಂಬಿಕೆಯ ಮೇಲೆ ಹೊರಿಸಿ ಪಂಡಿತರು ಕೈತೊಳೆದುಕೊಳ್ಳುವಂತಿಲ್ಲ. ನನಗೆ ಹಾನ್ಸೆನ್ ಇಷ್ಟವಾಗುವುದು ಇದಕ್ಕೇ.

ಇನ್ನು ವಿಚಿತ್ರವಾದ ಭಾಗ. ಹದಿನಾಲ್ಕನೆಯ ಶತಮಾನದಲ್ಲೇ ದಕ್ಷಿಣ ಫ್ರಾನ್ಸಿನ ತುಲೂಸ್, ಕಾರ್ಕಸೋನ್ ಊರುಗಳಲ್ಲಿ ನೂರಾರು ಮಂದಿಯ ಮೇಲೆ ಮಾಟದ ವಿಚಾರಣೆ ನಡೆದಿತ್ತೆಂದು ಹಾನ್ಸೆನ್ ಬರೆದರು. ಆಧಾರ, ಲಾಮೋತ್-ಲಾಂಗೋ ಎಂಬವನು 1829ರಲ್ಲಿ ಪ್ರಕಟಿಸಿದ ಫ್ರೆಂಚ್ ಚರಿತ್ರೆ. ಅವನೋ ಕಾದಂಬರಿಕಾರ! 1970ರ ದಶಕದಲ್ಲಿ ನಾರ್ಮನ್ ಕೋನ್ ಮತ್ತು ರಿಚರ್ಡ್ ಕೀಕ್‌ಹೆಫರ್ ಬೇರೆ ಬೇರೆಯಾಗಿ ಪರಿಶೀಲಿಸಿದಾಗ ಆ ವಿಚಾರಣೆಗಳೇ ಕಟ್ಟುಕಥೆ ಎಂದು ಬಯಲಾಯಿತು. ಕೃತ್ರಿಮ ಪತ್ರ ಹಿಡಿಯಹೊರಟವರೇ ಇನ್ನೊಂದು ಕೃತ್ರಿಮಕ್ಕೆ ಸಿಕ್ಕಿಬಿದ್ದಿದ್ದರು. ಅವರನ್ನು ನಂಬಿ ಎಷ್ಟೋ ಪುಸ್ತಕಗಳು ಅದನ್ನೇ ಬರೆದವು. ಮಾಟದ ಬೇಟೆ ಯಾವಾಗ ಶುರುವಾಯಿತು ಎಂಬ ಲೆಕ್ಕವನ್ನೇ ಮತ್ತೆ ಹಾಕಬೇಕಾಯಿತು. ಒಂದು ಮಾತು ಗಮನಿಸಿ: ತಮ್ಮ ಆಧಾರ ಯಾವುದೆಂದು ಹಾನ್ಸೆನ್ ಮುಚ್ಚಿಟ್ಟಿರಲಿಲ್ಲ. ಹಾಗಾಗಿಯೇ ಮುಂದಿನವರು ಬೇರಿನವರೆಗೆ ಹೋಗಿ ನೋಡಲು ಸಾಧ್ಯವಾಯಿತು.

ನಿವೃತ್ತಿಯ ನಂತರವೂ ಅವರು ಕೈಕಟ್ಟಿ ಕೂರಲಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದ ರೈನ್ ಪ್ರಾಂತದ ದಾಖಲೆಗಳನ್ನು 1931ರಿಂದ 1938ರ ನಡುವೆ ನಾಲ್ಕು ದಪ್ಪ ಸಂಪುಟಗಳಲ್ಲಿ ಹೊರತಂದರು. 1943ರ ಜೂನ್ 29ರಂದು ಕಲೋನಿನ ಮೇಲೆ ನಡೆದ ವಿಮಾನದಾಳಿಯಲ್ಲಿ ಎಂಬತ್ತೊಂದರ ಹಾನ್ಸೆನ್ ತೀರಿಕೊಂಡರು. ಅವರು ಕಾದ ಕಾಗದಗಳು ಮಾತ್ರ ಆ ಯುದ್ಧದಿಂದ ಪಾರಾದವು.

ಯುದ್ಧ ಮಾಡದ್ದನ್ನು ಶಾಂತಿಕಾಲದ ಕಾಮಗಾರಿ ಮಾಡಿತು. 1971ರಿಂದ ಬೇರೊಂದು ಕಟ್ಟಡದಲ್ಲಿದ್ದ ಪತ್ರಾಗಾರ 2009ರ ಮಾರ್ಚ್ 3ರಂದು, ಪಕ್ಕದ ಸುರಂಗ ರೈಲು ಕಾಮಗಾರಿಯ ಕಾರಣ, ಕುಸಿದುಬಿತ್ತು. ನೆರೆಮನೆಯ ಇಬ್ಬರು ಯುವಕರು ಸತ್ತರು. ಸಾಲಾಗಿ ಜೋಡಿಸಿದರೆ ಮೂವತ್ತು ಕಿಲೋಮೀಟರ್ ಆಗುವಷ್ಟು ದಾಖಲೆ ಮಣ್ಣು-ನೀರಿನಲ್ಲಿ ಹೂತುಹೋಯಿತು. ಶೇಕಡ 95ರಷ್ಟನ್ನು ಹೊರತೆಗೆದರು. ನೆನೆದ ಹಾಳೆಗಳನ್ನು ಹೆಪ್ಪುಗಟ್ಟಿಸಿ ಒಣಗಿಸಿದರು. 2021ರಲ್ಲಿ ಹೊಸ ಕಟ್ಟಡ ತೆರೆಯಿತು. ಹರಿದ ಚೂರುಗಳಲ್ಲಿ ಯಾವುದು ಯಾವ ಪತ್ರಕ್ಕೆ ಸೇರಿದ್ದೆಂದು ಹುಡುಕಿ ಜೋಡಿಸುವ ಕೆಲಸಕ್ಕೆ ಇನ್ನೂ ದಶಕಗಳೇ ಬೇಕು.