ಹಳೆಯ ಮನೆಯ ಹೆಂಚು, ಹೊಸ ಕೋಳಿಗೂಡು

ಚನ್ನಗಿರಿಯಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ನೆಲಕ್ಕಿಳಿದು, ಅವುಗಳ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಿವೆ. ಕೆಡವಿದ ಮನೆಯ ಮುಂದೆ ಜಂತಿ, ರೀಪು, ಕಿಟಕಿಯ ಸರಳು, ಮಂಗಳೂರು ಹೆಂಚು ರಾಶಿ ಬಿದ್ದಿರುವುದನ್ನು ನಿಮ್ಮ ಊರಿನಲ್ಲಿ ನೀವೂ ಕಂಡಿರಬಹುದು. ಅಂಥ ಒಂದು ರಾಶಿಯಿಂದ ಕೋಳಿಗೂಡು ಕಟ್ಟಿದ ಕಥೆಯನ್ನು ಈ ಹೊತ್ತು ಹೇಳುತ್ತೇನೆ.

ನಾನು ಕನ್ನಡ ಪಾಠ ಹೇಳುವವನು. ಕೋಳಿ ಎಂದರೆ ನನಗೆ ನೆನಪಾಗುವುದು ಜನ್ನನ ‘ಯಶೋಧರ ಚರಿತೆ’. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಗ ನಾನಾ ಜನ್ಮಗಳಲ್ಲಿ ತೊಳಲಿ ಕೋಳಿಗಳಾಗಿಯೂ ಹುಟ್ಟುತ್ತಾರೆ. ಹಿಟ್ಟಿನ ಕೋಳಿಯ ವಿಚಾರವನ್ನು ಇಷ್ಟು ಬಲ್ಲ ನನಗೆ, ಜೀವವಿರುವ ಕೋಳಿ ರಾತ್ರಿ ಎಲ್ಲಿ ಮಲಗಬೇಕೆಂಬುದು ಮಾತ್ರ ತಿಳಿದಿರಲಿಲ್ಲ.

ತಿಳಿಯಬೇಕಾದ ಸಂದರ್ಭ ಬಂತು. ನನ್ನ ತರಗತಿಯ ಹುಡುಗನೊಬ್ಬ ನಾಲ್ಕು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಲು ಹೋದೆ. ಮನೆಯಲ್ಲಿ ಅಜ್ಜಿ, ಮೊಮ್ಮಗ ಇಬ್ಬರೇ. ಮೊಟ್ಟೆ ಮಾರಿದ ಹಣದಿಂದಲೇ ಹುಡುಗನ ಪುಸ್ತಕ, ಬಸ್ಸಿನ ಖರ್ಚು ಸಾಗಬೇಕು. ಹಿತ್ತಲಿನಲ್ಲಿ ಮಂಕರಿ ಕವುಚಿ, ಮೇಲೆ ಕಲ್ಲು ಹೇರಿ, ಒಳಗೆ ಕೋಳಿ ಕೂಡುತ್ತಿದ್ದರು. ಕಾಡುಬೆಕ್ಕು ಮಂಕರಿಯನ್ನು ಉರುಳಿಸಿ ಆರರಲ್ಲಿ ನಾಲ್ಕನ್ನು ಮುಗಿಸಿತ್ತು. ಹುಡುಗ ಕೂಲಿಗೆ ಹೊರಟಿದ್ದ.

ನಮ್ಮ ಬೀದಿಯಲ್ಲಿ ಕೆಡವಿದ್ದ ಮನೆಯೊಂದರ ಯಜಮಾನರನ್ನು ಕೇಳಿ ಬೇಕಾದ ಸಾಮಾನು ಪಡೆದೆವು. ತೋಟದವರೊಬ್ಬರು ಬಿದ್ದ ಅಡಿಕೆ ಮರ ಎರಡನ್ನು ಕೊಟ್ಟರು. ಆರು ಕೋಳಿಗೆ ನಾಲ್ಕಡಿ ಉದ್ದ, ಮೂರಡಿ ಅಗಲ ಸಾಕು. ತಲೆಗೆ ಎರಡು ಚದರಡಿ ಎಂದು ಲೆಕ್ಕ. ಜಂತಿಯ ತುಂಡುಗಳೇ ನಾಲ್ಕು ಕಾಲು. ಗೂಡು ನೆಲದಿಂದ ಎರಡಡಿ ಮೇಲಿದ್ದರೆ ತೇವ ತಾಗದು. ಅಡಿಕೆ ಮರವನ್ನು ಸೀಳಿ, ಒಳಗಿನ ಮೆದುವನ್ನು ಕೆತ್ತಿ ತೆಗೆದು, ಗಟ್ಟಿಯಾದ ದಬ್ಬೆಗಳನ್ನು ಅರ್ಧ ಅಂಗುಲ ಸಂದು ಬಿಟ್ಟು ನೆಲಕ್ಕೆ ಹಾಸಿದೆವು. ಹಿಕ್ಕೆ ಕೆಳಗೆ ಬೀಳುತ್ತದೆ. ತರಗೆಲೆಯೊಡನೆ ಕೊಳೆಸಿದರೆ ತೆಂಗಿಗೆ ಒಳ್ಳೆಯ ಗೊಬ್ಬರ. ಮೇಲೆ ರೀಪು ಹೊಡೆದು ಹೆಂಚು ಹೊದಿಸಿದೆವು. ಮಳೆಗಾಲದ ಗಾಳಿ ನೈರುತ್ಯದಿಂದ ಬೀಸುವುದರಿಂದ ಆ ಕಡೆಯನ್ನು ಹಲಗೆಯಿಂದ ಮುಚ್ಚಿ, ಪೂರ್ವಕ್ಕೆ ಬಾಗಿಲಿಟ್ಟೆವು. ಗಾಳಿಯಾಡಲು ಮಾಡಿನ ಕೆಳಗೆ ಕಿಂಡಿ ಬಿಟ್ಟು, ಹಿತ್ತಲಿನಲ್ಲೇ ಸಿಕ್ಕಿದ ಹಳೆಯ ಕೋಳಿ ಜಾಲರಿಯನ್ನು ಬಡಿದೆವು.

ಕೋಳಿ ಕೂರಲು ಎರಡಂಗುಲ ದಪ್ಪದ, ಅಂಚು ನುಣುಪಾದ ಗಳ ಬೇಕು. ಎಣ್ಣೆಯ ಹಳೆಯ ಡಬ್ಬವನ್ನು ಕತ್ತರಿಸಿ, ಅಂಚು ಮಡಚಿ, ಹುಲ್ಲು ತುಂಬಿದರೆ ಮೊಟ್ಟೆಯಿಡಲು ಜಾಗವಾಯಿತು. ಅದು ಗಳಕ್ಕಿಂತ ಕೆಳಗಿರಲಿ. ಇಲ್ಲವಾದರೆ ಕೋಳಿಗಳು ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜದಂಥ ತೂಕದ ತಳಿಯನ್ನು ಸಾಕುವವರು ಗಳವನ್ನು ಇನ್ನೂ ತಗ್ಗಿನಲ್ಲಿಡಬೇಕು.

ಹಳೆಯದೆಂದು ಎಲ್ಲವನ್ನೂ ಬಳಸಬಾರದು. ಕಲ್ನಾರಿನ ಒಡೆದ ತಗಡು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ತೋಟಕ್ಕೆ ಔಷಧಿ ಹೊಡೆದ ಡಬ್ಬ ಎಷ್ಟು ತೊಳೆದರೂ ಬೇಡ. ಹಳೆಯ ಬಣ್ಣ ಸಿಪ್ಪೆಯೇಳುತ್ತಿರುವ ಬಾಗಿಲೂ ಬೇಡ. ಅಂಥ ಬಣ್ಣದಲ್ಲಿ ಸೀಸವಿರಬಹುದು, ಕೋಳಿ ಅದನ್ನು ಕುಕ್ಕುತ್ತದೆ. ಮರದ ಸಂದುಗಳಿಗೆ ಸುಣ್ಣ ಬಳಿಯುತ್ತಿದ್ದರೆ ಹೇನು, ಉಣ್ಣೆಗಳ ಕಾಟ ಕಡಿಮೆ.

ಗೂಡು ಚೆಂದವಾಯಿತೆಂದು ನಾನು ಬೀಗಿದ್ದೂ ಉಂಟು. ತಿಂಗಳು ತುಂಬುವ ಮೊದಲೇ ಕಾಡುಬೆಕ್ಕು ತುಕ್ಕು ಹಿಡಿದ ಜಾಲರಿಯನ್ನು ಕಿತ್ತು, ಉಳಿದಿದ್ದ ಎರಡರಲ್ಲಿ ಒಂದನ್ನು ಒಯ್ದಿತು. ಅಜ್ಜಿ ಬೈಯಲಿಲ್ಲ. “ಮೇಷ್ಟ್ರೇ, ಮನೆಯೇನೋ ಚೆನ್ನಾಗೇ ಕಟ್ಟಿದ್ರಿ, ಕಳ್ಳನಿಗೆ ದಾರೀನೂ ಬಿಟ್ರಿ” ಎಂದರು, ಅಷ್ಟೆ. ಆ ಮಾತಿನ ಮುಂದೆ ನನ್ನ ಪಾಂಡಿತ್ಯ ತಲೆ ತಗ್ಗಿಸಿತು. ಜಾಲರಿಗೆ ಹಣವೇಕೆ ಎಂದು ಉಳಿಸಿದವನು ನಾನು; ನಷ್ಟವಾದದ್ದು ಅವರಿಗೆ.

ಕೋಳಿ ಜಾಲರಿ ಕೋಳಿಯನ್ನು ಒಳಗೆ ತಡೆಯುತ್ತದೆ. ಕಾಡುಬೆಕ್ಕನ್ನು ಹೊರಗೆ ತಡೆಯಲಾರದು. ಆದ್ದರಿಂದ ಅರ್ಧ ಅಂಗುಲ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನು ಅಂಗಡಿಯಿಂದ ತಂದು, ರೀಪಿನ ಪಟ್ಟಿ ಕೊಟ್ಟು ಬಿಗಿದೆವು. ಬಾಗಿಲಿಗೆ ಮೇಲೊಂದು, ಕೆಳಗೊಂದು ಹೊಸ ಚಿಲಕ ಹಾಕಿದೆವು. ತಪ್ಪಿನ ದಂಡವೆಂದು ಐದು ಹೇಂಟೆಗಳನ್ನೂ ಕೊಡಿಸಿದೆ. ಆಮೇಲೆ ಒಂದು ಮಳೆಗಾಲ ಕಳೆದಿದೆ, ಆರೂ ಇವೆ. ಪ್ರತಿ ಸಂಜೆ ಎರಡು ಚಿಲಕ ಹಾಕಿದ ಮೇಲೆಯೇ ಹುಡುಗ ಪುಸ್ತಕ ಹಿಡಿಯುತ್ತಾನೆ.

ನೀವು ಗೂಡು ಕಟ್ಟುವಾಗ ಕಾಲು, ನೆಲ, ಮಾಡು ಎಲ್ಲವೂ ಹಳೆಯದಾಗಿರಲಿ, ಚಿಂತೆಯಿಲ್ಲ. ಜಾಲರಿ ಮತ್ತು ಚಿಲಕ ಮಾತ್ರ ಹೊಸದಿರಲಿ. ಉಳಿತಾಯ ಮಾಡಬಾರದ ಜಾಗ ಯಾವುದೆಂದು ಮೊದಲು ತಿಳಿದುಕೊಂಡರೆ, ಉಳಿದೆಡೆ ಧಾರಾಳವಾಗಿ ಉಳಿಸಬಹುದು.