ಕೆಂಪು ಮಣ್ಣು, ಉಪ್ಪು ನೀರು

ಮಕ್ಕಳೇ, ಹಿಂದೂಪುರದಿಂದ ಸಮುದ್ರ ಬಲು ದೂರ. ಆದರೂ ಇವತ್ತು ಸಮುದ್ರದ ಕಥೆಯನ್ನು ನಿಮ್ಮೂರ ಹೊಳೆಯಿಂದಲೇ ಶುರುಮಾಡೋಣ. ಹಳೆಯ ಸ್ಪೀಕರಿನೊಳಗೆ ದುಂಡನೆಯ ಅಯಸ್ಕಾಂತ ಇರುತ್ತದಲ್ಲ, ಅದನ್ನು ಪೆನ್ನಾರ್ ಮರಳಿನಲ್ಲಿ ಹೊರಳಾಡಿಸಿ ಎತ್ತಿ ನೋಡಿ. ಕಪ್ಪು ಪುಡಿಯೊಂದು ಗಡ್ಡದ ಹಾಗೆ ಅಂಟಿಕೊಂಡು ಬರುತ್ತದೆ. ಅದರಲ್ಲಿರುವುದು ಕಬ್ಬಿಣ! ಅಂಗಳದ ಮಣ್ಣು ಕೆಂಪಗಿರುವುದೂ ಕಬ್ಬಿಣದಿಂದಲೇ. ತುಕ್ಕು ಹಿಡಿದ ಚಿಲಕದ ಬಣ್ಣ ನೆನಪಿಸಿಕೊಳ್ಳಿ.

ಪೆನ್ನಾರ್ ಅಂದರೆ ಉತ್ತರ ಪಿನಾಕಿನಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಸೀಮೆಗೆ ಬರುತ್ತಾಳೆ. ಕಲ್ಯಾಣದುರ್ಗವನ್ನು ಎಡಕ್ಕೆ ಬಿಟ್ಟು ಬಡಗಲಿಗೆ ಸಾಗಿ, ಆಮೇಲೆ ಮೂಡಲಿಗೆ ತಿರುಗಿ, ಒಟ್ಟು 597 ಕಿಲೋಮೀಟರ್ ನಡೆದು ನೆಲ್ಲೂರಿನಾಚೆ ಬಂಗಾಳ ಕೊಲ್ಲಿ ಸೇರುತ್ತಾಳೆ. ಕಲ್ಯಾಣದುರ್ಗದ ಪಡುವಲಿಗಿರುವ ವೇದಾವತಿಯೂ ತುಂಗಭದ್ರೆ, ಕೃಷ್ಣೆಯರ ಕೈಹಿಡಿದು ಅಲ್ಲಿಗೇ ಹೋಗುತ್ತಾಳೆ. ನೀರೆಲ್ಲಿದೆ ತಾತ ಅಂತ ಕೇಳಬೇಡಿ! ವರ್ಷದ ಬಹುಕಾಲ ನಮ್ಮ ಹೊಳೆಯಲ್ಲಿ ಬರೀ ಮರಳು. ನೀರು ಬಂದಾಗ ಮಾತ್ರ ಕೆಂಪಗೆ ಬರುತ್ತದೆ.

ಆ ಕೆಂಪು ಯಾರಿಗೆ ಬೇಕು? ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಪಾಚಿಗಳಿವೆ. ಗಿಡಗಳಂತೆ ಅವೂ ಬಿಸಿಲಿನಲ್ಲೇ ಅಡುಗೆ ಮಾಡಿಕೊಳ್ಳುತ್ತವೆ. ಅವನ್ನು ತಿಂದು ಸಣ್ಣ ಹುಳುಗಳು, ಹುಳುಗಳನ್ನು ತಿಂದು ಮೀನುಗಳು ಬದುಕುತ್ತವೆ. ಕಡ್ಲೆಕಾಯಿ ಹೊಲಕ್ಕೆ ಗೊಬ್ಬರ ಬೇಕಾದಂತೆ ಈ ಪಾಚಿಗಳಿಗೂ ಸಾರಜನಕ, ರಂಜಕ ಬೇಕು. ಜೊತೆಗೆ ಕಬ್ಬಿಣ, ಸತು, ಮ್ಯಾಂಗನೀಸು. ಇವು ಚೂರೇ ಚೂರು ಸಾಕು, ಆದರೆ ಇಲ್ಲದೆ ಆಗದು. ಕೊಡದ ತುಂಬ ಹಾಲಿದ್ದರೂ ಒಂದು ಚಮಚ ಹೆಪ್ಪಿಲ್ಲದೆ ಮೊಸರಾಗುವುದೇ?

ಚೂರು ಅಂದರೆ ಎಷ್ಟು? ಒಂದು ಕೆರೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ: ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲ, ನಿಮ್ಮ ಎದೆಮಟ್ಟ ನೀರು. ಸುಮಾರು 100 ಕೋಟಿ ಲೀಟರ್! ನಡುಗಡಲಿನ ಮೇಲ್ನೀರನ್ನು ಅಷ್ಟು ತುಂಬಿಸಿದರೆ, ಅದರಲ್ಲಿ ಕರಗಿರುವ ಕಬ್ಬಿಣ ಎಷ್ಟೋ ಕಡೆ ಒಂದೆರಡು ಮೊಳೆಯಷ್ಟು ಮಾತ್ರ.

ಹಾಗಾದರೆ ಹೊಳೆ ಹೊತ್ತು ತಂದದ್ದೆಲ್ಲ ಎಲ್ಲಿ ಹೋಯಿತು? ಇದನ್ನು ನೀವೇ ಕಂಡುಹಿಡಿಯಬಹುದು. ಕೆಂಪು ಮಣ್ಣನ್ನು ನೀರಿನಲ್ಲಿ ಕಲಕಿ, ಬಟ್ಟೆಯಲ್ಲಿ ಸೋಸಿ, ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿ ಕಲಕಿ, ಕಾಯಿರಿ. ಉಪ್ಪಿನ ಲೋಟ ಬೇಗ ತಿಳಿಯಾಗುತ್ತದೆ. ಪಟಿಕ ಹಾಕಿದ ನೀರಿನಂತೆ ಪುಡಿಗಳು ಒಂದಕ್ಕೊಂದು ಅಂಟಿ, ಭಾರವಾಗಿ ಕೆಳಗಿಳಿಯುತ್ತವೆ. ಹೊಳೆ ಕಡಲನ್ನು ಮುಟ್ಟುವ ಅಳಿವೆಯಲ್ಲೂ ಇದೇ ಆಟ. ಕಬ್ಬಿಣದ ಹೆಚ್ಚಿನ ಪಾಲು ಅಲ್ಲೇ ತಳ ಸೇರುತ್ತದೆ.

ಆ ತಳ ಒಮ್ಮೆಲೇ ಆಳಕ್ಕಿಳಿಯುವುದಿಲ್ಲ. ಮನೆಯ ಮುಂದಿನ ಜಗಲಿಯಂತೆ ನೆಲವೇ ನೀರಿನಡಿ ಚಾಚಿಕೊಂಡಿರುತ್ತದೆ, ಸುಮಾರು 200 ಮೀಟರ್ ಆಳದವರೆಗೂ. ಪಾಠದಲ್ಲಿ ಇದನ್ನೇ ಖಂಡಾವರಣ ಅನ್ನುತ್ತಾರೆ. ನನಗೆ ಜಗಲಿಯೇ ಇಷ್ಟ.

ಜಗಲಿಯ ಕೆಸರಿನಲ್ಲಿ ಬಿದ್ದ ಕಬ್ಬಿಣ ಸುಮ್ಮನೆ ಕೂರುವುದಿಲ್ಲ. ಕೆಲವು ಬೋರಿನ ನೀರು ಎತ್ತಿದಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿ ರಾತ್ರಿ ಕಳೆದರೆ ಕೆಂಪಗಾಗುತ್ತದೆ, ಕಂಡಿದ್ದೀರಾ? ಗಾಳಿ ತಾಗದ ನೆಲದಡಿ ಕಬ್ಬಿಣ ಕರಗಿರುತ್ತದೆ. ಗಾಳಿ ಸೋಕಿದರೆ ತುಕ್ಕಾಗಿ ಕೂರುತ್ತದೆ. ಕೆಸರಿನೊಳಗೂ ಆಮ್ಲಜನಕವಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ತುಕ್ಕನ್ನು ಮತ್ತೆ ಕರಗಿಸುತ್ತವೆ. ಅದರಲ್ಲಿ ಒಂದಿಷ್ಟು ಜಿನುಗಿ ಮೇಲೆ ಬಂದು ಪಾಚಿಗಳ ಬಾಯಿ ಸೇರುತ್ತದೆ. ದಡದ ಹತ್ತಿರ ಮೀನು ಹೆಚ್ಚಿರುವುದಕ್ಕೆ ಈ ಜಗಲಿಯ ಉಗ್ರಾಣವೂ ಒಂದು ಕಾರಣ.

ದೂರದ ಕಡಲಿಗೆ ನಾವೇ ಕಬ್ಬಿಣ ಬಡಿಸಿದರೆ? 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು 'ಪೋಲಾರ್‌ಸ್ಟರ್ನ್' ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೋಗಿ ಹಾಗೆಯೇ ಮಾಡಿದರು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರೂ ಇದ್ದರು. ಪಾಚಿ ಬೆಳೆಯಿತು. ಆದರೆ ಸಿಗಡಿಯ ನಂಟರಂಥ ಪುಟಾಣಿಗಳು ಬಂದು ಅದನ್ನು ಮೇಯ್ದುಬಿಟ್ಟವು! ಗಾಜಿನ ಚಿಪ್ಪು ಕಟ್ಟಿಕೊಳ್ಳುವ ಡಯಾಟಮ್ ಎಂಬ ಪಾಚಿಗಳಂತೂ ಹೆಚ್ಚಲೇ ಇಲ್ಲ. ಆ ನೀರಿನಲ್ಲಿ ಚಿಪ್ಪಿಗೆ ಬೇಕಾದ ಸಿಲಿಕಾ ಮುಗಿದಿತ್ತು. ಸಿಲಿಕಾ ಎಲ್ಲಿಂದ ಬರುತ್ತದೆ ಗೊತ್ತೇ? ನಮ್ಮ ಬಂಡೆಗಳಂಥ ಕಲ್ಲುಗಳು ಸವೆದು, ಹೊಳೆಯಲ್ಲಿ ಕರಗಿ.

2021ರ ನವೆಂಬರಿನಲ್ಲಿ ಪೆನ್ನಾರ್ ಉಕ್ಕಿ ನೆಲ್ಲೂರಿನವರೆಗೂ ಹರಿದಳು. ಅಣೆಕಟ್ಟುಗಳನ್ನು ದಾಟಿ ಹೋದ ಆ ಕೆಂಪಿನಲ್ಲಿ ಒಂದಿಷ್ಟು ಈಗಲೂ ಜಗಲಿಯ ಕೆಸರಿನಲ್ಲಿದ್ದು, ಚೂರು ಚೂರೇ ಕರಗುತ್ತಿದ್ದೀತು.